ಬೇಗ ಓಡಿತು, ಟ್ಯಾಲಿ ಆಗಲಿಲ್ಲ

ಮೇನ್‌ಫ್ರೇಮ್ ಅಂದ್ರೆ ಮ್ಯೂಸಿಯಂನಲ್ಲಿ ಇಡೋ ವಸ್ತು ಅಂತಲೇ ನಾವು ನಾಲ್ವರೂ ನಂಬಿದ್ದೆವು. ಕೋಬಾಲ್ ಭಾಷೆಯ ಕೆಲಸ ಶುರುವಾದದ್ದು 1959ರಲ್ಲಿ, ಐಬಿಎಂ ಸಿಸ್ಟಂ/360 ಬಂದದ್ದು 1964ರಲ್ಲಿ. ಎರಡೂ ನಮ್ಮ ಅಪ್ಪಂದಿರಿಗಿಂತ ಹಿರಿಯವು. ಆದರೆ ಇವತ್ತಿಗೂ ಎಷ್ಟೋ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕ ನಡೆಯುವುದು ಮೇನ್‌ಫ್ರೇಮ್ ಮೇಲೆಯೇ. ಹಗಲಿನ ವಹಿವಾಟನ್ನೆಲ್ಲ ರಾತ್ರಿ ಬ್ಯಾಚ್‌ನಲ್ಲಿ ಒಟ್ಟಿಗೆ ಓಡಿಸಿ, ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮುಗಿಸಬೇಕು. ಬಳಸಿದ ಸಿಪಿಯುಗೆ ತಕ್ಕಂತೆ ಬಿಲ್ ಹಾಕುವ ಪದ್ಧತಿಯೂ ಇದೆ. ಪ್ರೋಗ್ರಾಂ ನಿಧಾನವಾದರೆ ಸಮಯವೂ ಹೋಯ್ತು, ದುಡ್ಡೂ ಹೋಯ್ತು.

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ಇದನ್ನೇ ಹಿಡಿದೆವು. ಕಾಲೇಜಿಗೆ ಮೇನ್‌ಫ್ರೇಮ್ ಎಲ್ಲಿಂದ ಬರಬೇಕು? ಲ್ಯಾಪ್‌ಟಾಪಿಗೆ ಗ್ನೂಕೋಬಾಲ್ ಹಾಕಿಕೊಂಡೆವು. 50,000 ಖಾತೆಗಳ ಒಂದು ಫೈಲು, ಒಂದು ಲಕ್ಷ ವಹಿವಾಟಿನ ಇನ್ನೊಂದು ಫೈಲು, ಎರಡನ್ನೂ ನಾವೇ ಸ್ಕ್ರಿಪ್ಟ್ ಬರೆದು ಹುಟ್ಟಿಸಿದ್ದು. ಪ್ರತಿ ವಹಿವಾಟಿಗೂ ಖಾತೆ ಹುಡುಕಿ ಬ್ಯಾಲೆನ್ಸ್ ಬದಲಿಸಬೇಕು, ಅಷ್ಟೇ. ಖಾತೆಗಳನ್ನೆಲ್ಲ ಟೇಬಲ್‌ಗೆ ತುಂಬಿ, ಮೊದಲಿನಿಂದ ಒಂದೊಂದೇ ನೋಡುತ್ತಾ ಹೋಗೋ ಲೂಪ್ ಬರೆದೆವು. ರನ್ ಕೊಟ್ಟು ಕ್ಯಾಂಟೀನಲ್ಲಿ ಟೀ ಕುಡಿದು ಬಂದರೂ ಅದು ಓಡ್ತಾನೇ ಇತ್ತು.

ಆಮೇಲೆ ಶುರುವಾಯ್ತು ನಮ್ಮ ರಿಪೇರಿ. ಲೂಪಿನ ಸಬ್‌ಸ್ಕ್ರಿಪ್ಟ್ ಡಿಸ್‌ಪ್ಲೇ ರೂಪದಲ್ಲಿತ್ತು. ಅಂದರೆ ಅಂಕಿಗಳು ಅಕ್ಷರಗಳ ಹಾಗೆ ಕೂತಿರುತ್ತವೆ, ಬಳಸುವಾಗೆಲ್ಲ ಬೈನರಿಗೆ ತಿರುಗಿಸಬೇಕು. ಅದನ್ನು ಕಾಂಪ್ ಅಂತ ಬದಲಿಸಿದೆವು. ಲೂಪಿನೊಳಗೆ ಸುಮ್ಮನೆ ಮತ್ತೆ ಮತ್ತೆ ಆಗುತ್ತಿದ್ದ ಲೆಕ್ಕವನ್ನು ಹೊರಗೆ ತಂದೆವು. ಕಂಪೈಲರ್‌ನ ಆಪ್ಟಿಮೈಸ್ ಆಯ್ಕೆ ಹಾಕಿದೆವು. ಎರಡು ದಿನ ಕೂತದ್ದಕ್ಕೆ ಸಮಯ ಸ್ವಲ್ಪ ಇಳೀತು, ನಿಜ. ಕೊನೆಗೆ ಪೆನ್ನು ಹಿಡಿದು ಲೆಕ್ಕ ಹಾಕಿದೆವು. ಒಂದು ಖಾತೆ ಸಿಗೋಕೆ ಸರಾಸರಿ 25,000 ಹೋಲಿಕೆ, ಒಂದು ಲಕ್ಷ ವಹಿವಾಟಿಗೆ 250 ಕೋಟಿ. ಒಂದೊಂದು ಹೋಲಿಕೆಯನ್ನು ಎಷ್ಟೇ ಚುರುಕು ಮಾಡಿದರೂ ಆ 250 ಕೋಟಿ ಕಮ್ಮಿಯಾಗಲ್ಲ. ಬೈನರಿ ಸರ್ಚ್ ಆದರೆ ಒಂದಕ್ಕೆ ಹೆಚ್ಚೆಂದರೆ 16, ಒಟ್ಟು 16 ಲಕ್ಷ. ನಾಚಿಕೆ ವಿಷಯ ಅಂದ್ರೆ, ಇಂಟರ್ನಲ್ಸ್‌ನಲ್ಲಿ ಇದೇ ಪ್ರಶ್ನೆಗೆ ನಾವೆಲ್ಲ ಫುಲ್ ಮಾರ್ಕ್ಸ್ ತಗೊಂಡಿದ್ವಿ.

ಕೋಬಾಲ್‌ನಲ್ಲಿ 'ಸರ್ಚ್ ಆಲ್' ಅಂತ ಬರೆದರೆ ಸಾಕು, ಬೈನರಿ ಸರ್ಚ್ ಅದೇ ಮಾಡಿಕೊಳ್ಳುತ್ತೆ. ನಮ್ಮ ಖಾತೆ ಸಂಖ್ಯೆಗಳು ಏರಿಕೆ ಕ್ರಮದಲ್ಲೇ ಇದ್ದವು. ಬರೆದೆವು, ರನ್ ಕೊಟ್ಟೆವು, ಎಂಟರ್‌ನಿಂದ ಬೆರಳು ಎತ್ತುವಷ್ಟರಲ್ಲಿ ಮುಗೀತು. "ಮಗಾ, ಸೂಪರ್!" ಅಂತ ಲ್ಯಾಬ್ ತುಂಬ ಕೂಗಾಟ.

ನಮ್ಮಲ್ಲೊಬ್ಬಳ ಅಪ್ಪನದು ದಿನಸಿ ಅಂಗಡಿ. ಗಲ್ಲಾ ಲೆಕ್ಕ ಸರಿಹೋಗದೆ ಅವರು ಶಟರ್ ಎಳೆಯೋದಿಲ್ಲವಂತೆ. ಅವಳು ಕೇಳಿದ್ದು ಒಂದೇ ಮಾತು: "ಟೋಟಲ್ ಟ್ಯಾಲಿ ಆಯ್ತೇನ್ರೋ?"

ಆಗಿರಲಿಲ್ಲ. ಸುಮಾರು ಹತ್ತರಲ್ಲೊಂದು ವಹಿವಾಟು 'ಖಾತೆ ಸಿಗಲಿಲ್ಲ' ಪಟ್ಟಿಗೆ ಬಿದ್ದಿತ್ತು. ಪ್ರೋಗ್ರಾಂ ನಿಂತಿರಲಿಲ್ಲ, ಎರರ್ ಕೂಡ ಕೊಟ್ಟಿರಲಿಲ್ಲ. ಹುಡುಕಿದಾಗ ಸಿಕ್ಕಿದ ಕಾರಣ ಇಷ್ಟು: ಮುಂದಕ್ಕೆ ಬೇಕಾಗಬಹುದು ಅಂತ ಟೇಬಲ್‌ಗೆ 60,000 ಜಾಗ ಇಟ್ಟಿದ್ದೆವು, ತುಂಬಿದ್ದು 50,000. ಉಳಿದ ಕಡೆಯೆಲ್ಲ ಸೊನ್ನೆ. ಟೇಬಲ್ ಏರಿಕೆ ಕ್ರಮದಲ್ಲಿದೆ ಅಂತ ಸರ್ಚ್ ಆಲ್ ನಂಬುತ್ತೆ, ಪರೀಕ್ಷೆ ಮಾಡಲ್ಲ. ಕೊನೇ ಖಾತೆಗಳನ್ನು ಹುಡುಕುವಾಗ ಅದು ಮೊದಲು 30,000ನೇ ಜಾಗ ನೋಡುತ್ತೆ, ಆಮೇಲೆ 45,000, ಆಮೇಲೆ 52,500. ಅಲ್ಲಿರೋದು ಸೊನ್ನೆ. ಬೇಕಾದದ್ದು ಇನ್ನೂ ಮುಂದಿದೆ ಅಂದುಕೊಂಡು ಮುಂದಕ್ಕೇ ಹೋಗುತ್ತೆ. 45,000 ದಾಟಿದ 5,000 ಖಾತೆಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ನಿಜವಾದ ಬ್ಯಾಂಕಾಗಿದ್ದರೆ ಅದರಲ್ಲಿ ಯಾರದೋ ಸಂಬಳ, ಯಾರದೋ ಅಜ್ಜಿಯ ಪಿಂಚಣಿ ಇರುತ್ತಿತ್ತು. ನಾವು ಬೈದು ಬಿಸಾಕಿದ್ದ ನಿಧಾನದ ಲೂಪ್ ಒಂದನ್ನೂ ಬಿಟ್ಟಿರಲಿಲ್ಲ.

'ಅಕರ್ಸ್ ಡಿಪೆಂಡಿಂಗ್ ಆನ್' ಹಾಕಿ, ತುಂಬಿದಷ್ಟೇ ಟೇಬಲ್ ಅಂತ ಹೇಳಿದ ಮೇಲೆ ಟ್ಯಾಲಿ ಆಯ್ತು. ಬ್ಯಾಚ್ ಕೆಲಸದವರ ಹಳೇ ವಿಧಾನ ಇನ್ನೂ ಸರಳ ಅಂತ ಆಮೇಲೆ ಗೊತ್ತಾಯ್ತು. ಎರಡೂ ಫೈಲುಗಳನ್ನು ಖಾತೆ ಸಂಖ್ಯೆ ಪ್ರಕಾರ ಸಾರ್ಟ್ ಮಾಡಿ ಜೊತೆಜೊತೆಗೆ ಓದಿದರೆ ಟೇಬಲ್ಲೇ ಬೇಡ. ಸಾರ್ಟ್ ಬಿಟ್ಟರೆ, ಒಂದೂವರೆ ಲಕ್ಷ ರೆಕಾರ್ಡ್ ಓದಿದಲ್ಲಿಗೆ ಕೆಲಸ ಮುಗೀತು.

ವೈವಾದಲ್ಲಿ ಮೇಡಂ, "ಎಷ್ಟು ಪಟ್ಟು ಫಾಸ್ಟ್ ಮಾಡಿದ್ರಿ?" ಅಂತ ಕೇಳಿದರು. ನಾವು ಮೊದಲು ತೋರಿಸಿದ್ದು ಹಳೇ ಪ್ರೋಗ್ರಾಂನ ಟೋಟಲ್, ಅದರ ಪಕ್ಕ ಹೊಸದರ ಟೋಟಲ್. ಸಮಯದ ಲೆಕ್ಕ ಆಮೇಲೆ. ನೀವೂ ಕೋಡ್ ಚುರುಕು ಮಾಡೋಕೆ ಕೂತರೆ ಹಳೇದನ್ನ ಡಿಲೀಟ್ ಮಾಡಬೇಡಿ. ಹೊಸದು ಸರಿ ಇದೆಯಾ ಅಂತ ಕೇಳೋಕೆ ಅದೊಂದೇ ದಿಕ್ಕು.