ಫಟಫಟಿಯೂ ಹಳೆಯ ವಿಮಾನವೂ

ಹಳೇಬೀಡು ಸೀಮೆಯ ಮಾದಿಹಳ್ಳಿಯಲ್ಲಿ, ತೆಂಗಿನ ತೋಟದ ಅಂಚಿಗಿರುವ ಒಂದು ಹೆಂಚಿನ ಮನೆಯ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಅಲ್ಲಿ ಗೋಣಿತಾಟು ಹೊದ್ದು ನಿಂತಿರುವುದು 1970ರ ಒಂದು ಜಾವಾ ಮೋಟಾರು ಸೈಕಲ್ಲು. ಊರಿನವರು ಅದನ್ನು ಫಟಫಟಿಯೆಂದೂ ಅದರ ಒಡೆಯರಾದ ನಿವೃತ್ತ ಉಪಾಧ್ಯಾಯರನ್ನು ಫಟಫಟಿ ಮೇಷ್ಟ್ರೆಂದೂ ಕರೆಯುತ್ತ ಬಂದು ಅರ್ಧ ಶತಮಾನವೇ ಸಂದಿದೆ. ಮೇಷ್ಟ್ರಿಗೆ ಈಗ ಎಂಬತ್ತು ಸಮೀಪಿಸಿದೆ. ಮೊಣಕಾಲು ಮುಷ್ಕರ ಹೂಡಿದೆ. ಬೆಂಗಳೂರಿನ ಶ್ರೀಮಂತರೊಬ್ಬರು ಒಳ್ಳೆಯ ಬೆಲೆ ಕೊಡಲು ಮುಂದಾಗಿದ್ದಾರೆ. "ಗಾಜಿನ ಕೋಣೆಯಲ್ಲಿ ಇಡಿಸುತ್ತೇನೆ, ಧೂಳು ಸಹ ಸೋಕದು" ಎಂದು ಅವರಿತ್ತ ಆಶ್ವಾಸನೆಯೇ ಮೇಷ್ಟ್ರ ನಿದ್ದೆ ಕೆಡಿಸಿತು.

ಈ ಹುಚ್ಚಿನ ಮೂಲ ಅವರ ಅಣ್ಣ. ಈಗ ಅವರಿಲ್ಲ. 1940ರಲ್ಲಿ ವಾಲಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ನೆರವಿನಿಂದಲೂ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಕಾರ್ಖಾನೆಯಲ್ಲಿ ಅವರು ಫಿಟ್ಟರಾಗಿದ್ದರು. ಡಾ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ಅಲ್ಲಿಂದಲೇ 1951ರಲ್ಲಿ ಮೇಲೆದ್ದಿತು. 1958ರಲ್ಲಿ ಪುಷ್ಪಕ್ ಹಾರಿತು. ರಜೆಯಲ್ಲಿ ಬಂದ ತಮ್ಮನನ್ನು ಅಣ್ಣ ಜಕ್ಕೂರಿಗೆ ಕರೆದೊಯ್ದು, ಬೇಲಿಯ ಹೊರಗೆ ನಿಲ್ಲಿಸಿ, ಮೈಗೆ ಬಟ್ಟೆ ಹೊದ್ದ ಪುಷ್ಪಕ್ ವಿಮಾನವನ್ನು ತೋರಿಸಿದರು. ಒಬ್ಬಾತ ಮುಂದೆ ನಿಂತು ಪಂಖವನ್ನು ಕೈಯಿಂದಲೇ ಎಳೆದು ತಿರುಗಿಸಿದ. ಎಂಜಿನು ಎರಡು ಬಾರಿ ಕೆಮ್ಮಿ ಸುಮ್ಮನಾಯಿತು. ಮೂರನೆಯ ಸಲ ಹೊತ್ತಿಕೊಂಡಿತು.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ಜಾವಾ ಕೊಂಡಾಗ ಈ ಕೆಮ್ಮಿನ ಗುರುತು ಹತ್ತಿತು. ಜೆಕ್ ದೇಶದ ಆ ಗಾಡಿಯನ್ನು 1961ರಿಂದ ಮೈಸೂರಿನಲ್ಲಿಯೇ ತಯಾರಿಸುತ್ತಿದ್ದರು. ಸಿಲಿಂಡರು ಒಂದೇ ಆದರೂ ಹೊಗೆ ಕೊಳವೆ ಎರಡು! ಗೇರು ಹಾಕುವ ಸನ್ನೆಯನ್ನೇ ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕಾಗುವುದು. ಕಾರ್ಬ್ಯುರೇಟರಿನ ಗುಂಡಿಯನ್ನೊತ್ತಿ ಪೆಟ್ರೋಲು ತುಸು ತುಳುಕಿಸಿ ಒದೆಯಬೇಕು. ಅಣ್ಣ ಅದನ್ನು ಕಂಡು ನಕ್ಕಿದ್ದರಂತೆ: ಹಳೆಯ ಟೈಗರ್ ಮಾಥ್ ವಿಮಾನಕ್ಕೂ ಇದೇ ಉಪಚಾರ. ಅಲ್ಲಿಯೂ ಕಾರ್ಬ್ಯುರೇಟರು ತುಂಬಿ ಪೆಟ್ರೋಲು ತೊಟ್ಟಿಕ್ಕುವವರೆಗೆ ಕಾದು, ಆಮೇಲೆ ಪಂಖ ತಿರುಗಿಸಬೇಕು. ಎರಡನ್ನೂ ತಣಿಸುವುದು ಬೀಸುವ ಗಾಳಿಯೇ.

ತಿರುವಿನಲ್ಲಿಯೂ ಇವೆರಡೂ ಒಂದೇ ಜಾತಿ. ಕಾರು ತಿರುಗಿದಾಗ ಕುಳಿತವನು ಪಕ್ಕಕ್ಕೆ ಜರುಗುತ್ತಾನೆ. ಮೋಟಾರು ಸೈಕಲ್ಲೂ ವಿಮಾನವೂ ತಿರುಗುವ ಕಡೆಗೇ ವಾಲುತ್ತವೆ. ಹದವಾಗಿ ವಾಲಿದರೆ ಸವಾರನ ಭಾರ ನೆಟ್ಟಗೆ ಆಸನಕ್ಕಿಳಿಯುತ್ತದೆ. ತೆರೆದ ಟೈಗರ್ ಮಾಥ್‌ನಲ್ಲಿ ಹದ ತಪ್ಪಿತೆಂದರೆ ಗಾಳಿ ಒಂದೇ ಕೆನ್ನೆಗೆ ಬಡಿದು ಹೇಳುತ್ತದೆ. ಜಾವಾ ಬೇರೆ ಬಗೆಯಲ್ಲಿ ಹೇಳಿತು: ಹಳೇಬೀಡಿನ ದಾರಿಯ ಒಂದು ತಿರುವಿನಲ್ಲಿ ಮೇಷ್ಟ್ರನ್ನೂ ಹೊಸದಾಗಿ ಮದುವೆಯಾಗಿ ಬಂದಿದ್ದ ಅವರ ಪತ್ನಿಯನ್ನೂ ರಾಗಿ ಹೊಲಕ್ಕೆ ಇಳಿಸಿತು. ಆಕೆಯ ಮೊಣಕೈ ಮೇಲಿನ ಕಲೆ ಇನ್ನೂ ಮಾಸಿಲ್ಲ. ಮನಸ್ಸಿನ ಮೇಲಿನದಂತೂ ಕೇಳುವುದೇ ಬೇಡ.

ಈ ನೆಂಟಸ್ತಿಕೆ ಮೇಷ್ಟ್ರ ಕಲ್ಪನೆಯಲ್ಲ. ಅಮೆರಿಕದ ಗ್ಲೆನ್ ಕರ್ಟಿಸ್ ಮೊದಲು ಮೋಟಾರು ಸೈಕಲ್ಲು ಕಟ್ಟಿ ಅನಂತರ ವಿಮಾನಕ್ಕೆ ಕೈಹಾಕಿದವನು. ಜರ್ಮನಿಯ ಬಿಎಂಡಬ್ಲ್ಯುವಿನದು ತಿರುಗು ಹಾದಿ: ಮೊದಲ ಮಹಾಯುದ್ಧದ ತರುವಾಯ ವಿಮಾನದ ಎಂಜಿನು ಮಾಡಲು ನಿಷೇಧ ಬಂದಾಗ, ಆ ಕಾರ್ಖಾನೆ 1923ರಲ್ಲಿ ಮೋಟಾರು ಸೈಕಲ್ಲನ್ನು ಹೊರತಂದಿತು. ಅಷ್ಟು ದೂರವಾದರೂ ಏಕೆ? ನೆರೆಯ ಜಾವಗಲ್‌ನಲ್ಲಿ ತೋಟ ಮಾಡಿ, ಹಾಸನದಲ್ಲಿ ಎನ್‌ಫೀಲ್ಡ್ ಮಾರಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥರೇ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಆ ಸುದ್ದಿ ಬಂದ ದಿನ ಮೇಷ್ಟ್ರಿಗೆ ತಾವೇ ಹಾರಿದಷ್ಟು ಬಿಂಕ.

ಮಾರುವ ಮೊದಲು ಒಮ್ಮೆ ಅಣ್ಣನ ವಿಮಾನವನ್ನು ನೋಡಿ ಬರೋಣವೆಂದು ಮೇಷ್ಟ್ರು ಮೊಮ್ಮಗಳೊಡನೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದರು. ಎಚ್‌ಟಿ-2 ಚೊಕ್ಕಟವಾಗಿ ನಿಂತಿತ್ತು. ಜನ ರೆಕ್ಕೆಯನ್ನು ನೋಡುತ್ತಿದ್ದರೆ ಇವರು ಕಷ್ಟಪಟ್ಟು ಬಗ್ಗಿ ಎಂಜಿನಿನ ಕೆಳಗಿನ ನೆಲವನ್ನು ನೋಡಿದರು. ಒಂದು ತೊಟ್ಟು ಎಣ್ಣೆಯೂ ಬಿದ್ದಿರಲಿಲ್ಲ.

"ಏನು ಹುಡುಕ್ತಿದೀರಿ ತಾತ?"

"ಉಸಿರಿದೆಯೇ ಅಂತ, ಮಗು."

ವಸ್ತುಸಂಗ್ರಹಾಲಯದ ಮೇಲೆ ಇದು ದೂರಲ್ಲ. ಅದಿಲ್ಲದಿದ್ದರೆ ಆ ವಿಮಾನ ಎಂದೋ ಗುಜರಿಗೆ ಹೋಗುತ್ತಿತ್ತು. ಆದರೆ ಹಳೆಯ ಡಕೋಟ ವಿಮಾನವೊಂದು ಬ್ರಿಟನ್ನಿನಲ್ಲಿ ದುರಸ್ತಿಯಾಗಿ 2018ರಲ್ಲಿ ತನ್ನ ರೆಕ್ಕೆಯ ಮೇಲೆಯೇ ಭಾರತಕ್ಕೆ ಹಾರಿಬಂದದ್ದನ್ನು ಮೊಮ್ಮಗಳು ಬಸ್ಸಿನಲ್ಲಿ ತಿಳಿಸಿದಾಗ, ಮೇಷ್ಟ್ರು ಅರಸೀಕೆರೆ ಬರುವವರೆಗೂ ಮಾತಾಡಲಿಲ್ಲ.

ಮರುದಿನ ಬೆಳಗ್ಗೆ ಅವರು ಬೆಂಗಳೂರಿಗೆ ಫೋನು ಮಾಡಿ ಕ್ಷಮೆ ಕೇಳಿದರು. ಬಳಿಕ ಕೊಟ್ಟಿಗೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು, ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು ಎಂಬುದನ್ನೆಲ್ಲ ಮೊಮ್ಮಗಳಿಗೆ ಹೇಳಿಕೊಟ್ಟರು. ನಾಲ್ಕು ಒದೆತ ವ್ಯರ್ಥವಾದವು. "ಸಿಟ್ಟಿನಿಂದ ಒದೆಯಬೇಡಮ್ಮ, ಅದು ತಿಳಿದುಕೊಳ್ಳುತ್ತದೆ" ಎಂದರು. ಐದನೆಯದಕ್ಕೆ ಜಾವಾ ಕೆಮ್ಮಿತು. ಆರನೆಯದಕ್ಕೆ ಹೊತ್ತಿಕೊಂಡು, ಎರಡು ಕೊಳವೆಗಳಿಂದಲೂ ನೀಲಿ ಹೊಗೆಯನ್ನು ನೇರವಾಗಿ ಅಡಿಗೆಮನೆಯ ಕಿಟಕಿಗೆ ಕಳುಹಿಸಿತು.

ಒಳಗಿನಿಂದ ಅಜ್ಜಿಯ ದನಿ ಬಂದಿತು: "ಮಾರಿಬಿಡ್ತೀನಿ ಅಂದಿದ್ರಲ್ಲ, ಏನಾಯ್ತ್ರೀ?"

ಎಂಜಿನಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ಮೇಷ್ಟ್ರು ಕುಳಿತೇ ಇದ್ದರು.