ಹಸಿಗೋಡೆಯ ಸಂತರು

ಬೋಲ್ಪುರ ಸ್ಟೇಷನ್ನಿನ ಹೊರಗೆ ನಿಂತ ಟೋಟೊ ಚಾಲಕರೆಲ್ಲರ ಬಾಯಲ್ಲೂ ಒಂದೇ ಪಟ್ಟಿ: ಉಪಾಸನಾ ಗೃಹ, ಠಾಕೂರರ ಮನೆ, ಸೋನಾಝುರಿ ಸಂತೆ, ಕೋಪಾಯಿ ನದಿ. ‘ಹಿಂದಿ ಭವನ’ ಎಂದಾಗ ನಮ್ಮವನು ಹ್ಯಾಂಡಲ್ ಹಿಡಿದುಕೊಂಡೇ ಹಿಂದಿರುಗಿ ನೋಡಿದ. “ಅಲ್ಲೇನಿದೆ ದಾದಾ? ಅದು ಹುಡುಗರು ಓದೋ ಜಾಗ.”

ಅವನ ಮಾತು ಸುಳ್ಳಲ್ಲ. ಶಾಂತಿನಿಕೇತನದ ವಿಶ್ವಭಾರತಿಯ ಆ ಕಟ್ಟಡದಲ್ಲಿ 1939ರಿಂದ ಹಿಂದಿ ಪಾಠ ನಡೆಯುತ್ತಿದೆ. ಕಬೀರನ ಬಗ್ಗೆ ಹೊಸ ಬೆಳಕು ಚೆಲ್ಲಿದ ಹಜಾರಿಪ್ರಸಾದ ದ್ವಿವೇದಿಯವರು ಪಾಠ ಹೇಳಿದ್ದು ಇಲ್ಲಿಯೇ. ಹೊರಗಿನಿಂದ ನೋಡಿದರೆ ಕಣ್ಣು ಹಿಡಿದು ನಿಲ್ಲಿಸುವಂಥದ್ದೇನೂ ಇಲ್ಲ. ಒಳಗಿನ ಹಜಾರಕ್ಕೆ ಕಾಲಿಟ್ಟಾಗಲೂ ಮೊದಲು ಕಂಡದ್ದು ಮಬ್ಬು ಬೆಳಕು. ಬಿಸಿಲಿನಿಂದ ಬಂದ ಕಣ್ಣು ಸ್ವಲ್ಪ ಹೊತ್ತು ಏನನ್ನೂ ಹಿಡಿಯಲಿಲ್ಲ. ಆಮೇಲೆ, ಬಾಗಿಲುಗಳ ಎತ್ತರ ದಾಟಿದ ಮೇಲೆ, ಗೋಡೆಯಲ್ಲಿ ಜನ ಕಾಣಿಸತೊಡಗಿದರು. ಒಬ್ಬ, ಇಬ್ಬರು, ಹತ್ತು ಮಂದಿ. ಕತ್ತು ತಿರುಗಿಸಿದಷ್ಟೂ ಜನ. ಮೂರು ಗೋಡೆಗಳನ್ನು ಸುತ್ತಿಕೊಂಡು, ಕೂಡಿಸಿದರೆ 70 ಅಡಿ ದಾಟುವ ಉದ್ದಕ್ಕೆ, ಎಂಟಡಿಯಷ್ಟು ಎತ್ತರಕ್ಕೆ ಒಂದು ಇಡೀ ದೇಶವೇ ನಡೆದು ಹೋಗುತ್ತಿತ್ತು.

ಇದು ಬಿನೋದ್‌ಬಿಹಾರಿ ಮುಖರ್ಜಿ 1946-47ರಲ್ಲಿ ಬಿಡಿಸಿದ ‘ಮಧ್ಯಯುಗದ ಸಂತರು’. ಪುಸ್ತಕಗಳಲ್ಲಿ ಇದರ ತುಣುಕುಗಳನ್ನು ನೋಡಿದ್ದೆ. ಆದರೆ ತುಣುಕು ನೋಡಿ ಇದನ್ನು ಊಹಿಸಲು ಆಗುವುದಿಲ್ಲ. ಕಾರಣ ಸರಳ: ಹಜಾರದ ಯಾವ ಮೂಲೆಯಲ್ಲಿ ನಿಂತರೂ ಇಡೀ ಚಿತ್ರ ಒಮ್ಮೆಗೇ ಸಿಗದು. ನಡೆಯಬೇಕು. ನಡೆಯುತ್ತ ಹೋದಂತೆ ಹಿಂದಿನದು ಬೆನ್ನ ಹಿಂದೆ ಸರಿಯುತ್ತದೆ, ಮುಂದಿನದು ತೆರೆಯುತ್ತದೆ. 1937ರ ಸುಮಾರಿಗೆ ಜಪಾನಿಗೆ ಹೋಗಿದ್ದ ಬಿನೋದ್‌ಬಾಬು ಅಲ್ಲಿ ಉದ್ದುದ್ದ ಸುರುಳಿಚಿತ್ರಗಳನ್ನು ಕಣ್ತುಂಬ ನೋಡಿ ಬಂದಿದ್ದರು. ಮೊಣಕಾಲ ಮೇಲೆ ಬಿಚ್ಚಿಕೊಂಡು ನೋಡುವ ಆ ಸುರುಳಿಯ ನಡಿಗೆಯನ್ನು ಇಲ್ಲಿ ಗೋಡೆಗೆ ತಂದಿದ್ದಾರೆ. ಕೆಲವು ಆಕೃತಿಗಳು ಕೆಳಗಿನ ಅಂಚಿನಿಂದ ಮೇಲಿನವರೆಗೆ ನೀಳವಾಗಿ ನಿಂತಿವೆ. ಅವುಗಳ ಆಚೀಚೆ ಸಣ್ಣ ಸಣ್ಣ ಮಂದಿ ತಮ್ಮ ಪಾಡಿಗೆ ತಾವು ಕೂತಿದ್ದಾರೆ, ಮಾತಾಡುತ್ತಿದ್ದಾರೆ, ಹೊರೆ ಹೊತ್ತು ಸಾಗಿದ್ದಾರೆ.

ನನ್ನನ್ನು ಬೆರಗಾಗಿಸಿದ್ದು ಗಾತ್ರವಲ್ಲ. ಸಂತರೆಂದರೆ ನಮ್ಮ ಕಣ್ಣು ಒಂದು ಬಗೆಗೆ ಒಗ್ಗಿಹೋಗಿದೆ: ಎದುರಿಗೆ ಮುಖ ಮಾಡಿ ಕೂತವರು, ತಲೆಯ ಹಿಂದೆ ಪ್ರಭಾವಳಿ, ಹರಸುವ ಕೈ. ಇಲ್ಲಿ ನಮ್ಮನ್ನು ಹರಸಲು ಯಾರೂ ಕಾದು ಕೂತಿಲ್ಲ. ಕಬೀರನಿರುವುದು ನೇಕಾರರ ನಡುವೆ. ತುಳಸೀದಾಸನ ಸುತ್ತ ಕೇಳುವವರ ಬಳಗ. ಗುರು ಗೋವಿಂದ ಸಿಂಗರಿಗೆ ಕುದುರೆಯ ಓಟವಿದೆ. ತನ್ನನ್ನು ತಾನು ಅರಿಯಲು ಊರು ಬಿಟ್ಟು ಗುಹೆ ಸೇರಬೇಕೆಂದು ಈ ಗೋಡೆ ಹೇಳುವುದಿಲ್ಲ. ಈ ಸಂತರೆಲ್ಲ ಕಸುಬಿನ ಮಧ್ಯೆ, ಗದ್ದಲದ ಮಧ್ಯೆ ಇದ್ದಾರೆ.

ಕನ್ನಡದವನಾಗಿ ನನ್ನ ಕಣ್ಣು ತಾನಾಗಿಯೇ ನಮ್ಮವರನ್ನು ಹುಡುಕಿತು. ರಾಮಾನುಜಾಚಾರ್ಯರಿದ್ದಾರೆ. ಮೇಲುಕೋಟೆಯ ಮೆಟ್ಟಿಲು ಹತ್ತಿದವರಿಗೆ ಅಷ್ಟು ಸಾಕು, ನೆಂಟರು ಸಿಕ್ಕ ಹಾಗೆ. ಬಸವಣ್ಣ, ಅಕ್ಕ ಇಲ್ಲ. ಹಿಂದಿ ಕಲಿಸುವ ಮನೆಯ ಗೋಡೆ ಇದು, ಉತ್ತರದ ಭಕ್ತಿಕಾವ್ಯವೇ ಇದರ ಜೀವಾಳ. ಆದರೂ ಕಬೀರನ ಮುಂದೆ ನಿಂತಾಗ ಜೇಡರ ದಾಸಿಮಯ್ಯ ನೆನಪಾಗದೇ ಇರಲಿಲ್ಲ. ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿದ್ದರೆ ದೇವರ ವಿಚಾರಕ್ಕಿಂತ ಮೊದಲು ನೂಲಿನ ದರದ ಮಾತು ಬರುತ್ತಿತ್ತೇನೋ.

ಈ ಚಿತ್ರ ಆದದ್ದು ಹೇಗೆ ಎಂದು ತಿಳಿದರೆ ಬೆರಗು ಇನ್ನಷ್ಟು ಹೆಚ್ಚುತ್ತದೆ. ಇದು ಒಣಗಿದ ಗೋಡೆಗೆ ಬಣ್ಣ ಬಳಿದದ್ದಲ್ಲ. ಸುಣ್ಣದ ಗಾರೆ ಬಳಿದು, ಅದು ಆರುವ ಮೊದಲೇ ಬರಿ ನೀರಲ್ಲಿ ಕಲಸಿದ ಬಣ್ಣವನ್ನು ಹಚ್ಚುವ ಕ್ರಮ. ಅಂಟು ಬೇಕಿಲ್ಲ. ಆರುತ್ತ ಆರುತ್ತ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣದ ಕಣಗಳು ಆ ಕಲ್ಲಿನೊಳಗೇ ಸೇರಿಹೋಗುತ್ತವೆ. ಸುಣ್ಣದ ಖಾರ ತಡೆಯುವ ಬಣ್ಣಗಳೇ ಆಗಬೇಕು. ಹಾಗಾಗಿ ಕೆಮ್ಮಣ್ಣು, ಹಳದಿ ಮಣ್ಣು, ಮಸುಕು ಹಸಿರು, ಕಪ್ಪು, ಸುಣ್ಣದ್ದೇ ಬಿಳಿ. ಈ ಗೋಡೆಯ ಸಂಪತ್ತೆಲ್ಲ ಹೆಚ್ಚುಕಡಿಮೆ ಇಷ್ಟೇ. ಆ ದಿನ ಎಷ್ಟು ಬಿಡಿಸಲು ಸಾಧ್ಯವೋ ಅಷ್ಟಕ್ಕೇ ಗಾರೆ ಹಾಕಬೇಕು. ತಪ್ಪಿದರೆ ಒರೆಸುವಂತಿಲ್ಲ, ಕೆತ್ತಿ ತೆಗೆದು ಮತ್ತೆ ಗಾರೆ ಹಾಕಬೇಕು. ಇಂಥ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಗೋಡೆಯಷ್ಟೇ ದೊಡ್ಡ ನಕ್ಷೆಯನ್ನು ಕಾಗದದ ಮೇಲೆ ಬರೆದು, ಅದನ್ನು ಗೋಡೆಗೆ ಇಳಿಸಿಕೊಳ್ಳುತ್ತಾರೆ. ಬಿನೋದ್‌ಬಾಬು ಹಾಗೆ ಮಾಡಲಿಲ್ಲ. ಕೈಯಲ್ಲಿ ಸಣ್ಣ ಕರಡು, ಎದುರಿಗೆ ಹಸಿ ಗೋಡೆ, ನೇರ ಕುಂಚ. ಪತ್ನಿ ಲೀಲಾ, ಮುಂದೆ ತಾವೇ ದೊಡ್ಡ ಕಲಾವಿದರಾದ ಕೆ.ಜಿ. ಸುಬ್ರಮಣ್ಯನ್ ಮೊದಲಾದವರು ಜೊತೆಗಿದ್ದರು.

ಇಷ್ಟನ್ನೂ ಮಾಡಿದವರ ಕಣ್ಣು ಎಂಥದ್ದು? ಒಂದು ಕಣ್ಣಿಗೆ ಹುಟ್ಟಿನಿಂದಲೇ ನೋಟವಿಲ್ಲ. ಇನ್ನೊಂದಕ್ಕೆ ಹತ್ತಿರದ್ದು ಮಾತ್ರ ಕಾಣುತ್ತದೆ, ಅದೂ ಗಾಜಿನ ಸಹಾಯದಿಂದ. ಗೋಡೆಯ ಪಕ್ಕ ನಿಂತು ಕೈಗೆಟುಕುವಷ್ಟನ್ನು ಬಿಡಿಸಿ, ಹತ್ತಡಿ ಹಿಂದೆ ಸರಿದು ಇಡಿಯಾಗಿ ನೋಡುತ್ತೇನೆಂದರೆ ಅದು ಅವರಿಗೆ ಮಬ್ಬು. ಎಪ್ಪತ್ತಡಿಯ ಈ ಹೊಳೆ ಎಲ್ಲಿ ತಿರುಗಬೇಕು, ಎಲ್ಲಿ ಕಿರಿದಾಗಬೇಕು ಎಂಬುದನ್ನು ಅವರು ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದಿರಬೇಕು. ನಾನು ಇನ್ನೊಮ್ಮೆ ಗೋಡೆಯ ಉದ್ದಕ್ಕೂ ನಡೆದೆ. ಒಂದು ಕಡೆಯೂ ಎಡವಿದ ಗುರುತಿಲ್ಲ. ಒಬ್ಬನ ಹೆಗಲಿನ ಗೆರೆ ಪಕ್ಕದವನ ಬೆನ್ನಾಗಿ, ಅದೇ ಗೆರೆ ಮುಂದೆ ಗೋಡೆಯ ತಿರುವಾಗಿ ಹರಿಯುತ್ತದೆ. ಒಂದೆಡೆ, ಮೇಲುಹೊದಿಕೆಯ ಅಂಚಿಗೆ ಎಳೆದ ಕೆಮ್ಮಣ್ಣಿನ ಗೆರೆ ಮೊದಲು ದಪ್ಪಗೆ ಹೊರಟು, ಕುಂಚದಲ್ಲಿ ನೀರು ಮುಗಿಯುತ್ತಿದ್ದಂತೆ ಸಣಕಲಾಗಿ, ಮೊಣಕೈ ಹತ್ತಿರ ಇಲ್ಲವಾಗುತ್ತದೆ. ಅದನ್ನು ಮತ್ತೆ ತಿದ್ದಿಲ್ಲ. ಅಲ್ಲಿಗೆ ಸಾಕೆಂದು ಕೈ ನಿಂತಿದೆ. ಸರಳತೆ ಎಂದು ಕಲಾವಿಮರ್ಶಕರು ಬರೆಯುವುದೆಲ್ಲ ನನಗೆ ಅರ್ಥವಾದದ್ದು ಆ ಮೊಣಕೈಯಲ್ಲಿ.

ಬಿನೋದ್‌ಬಾಬು ಹುಡುಗನಾಗಿದ್ದಾಗ ಈ ಕಣ್ಣಿನ ದೆಸೆಯಿಂದಲೇ ಶಾಲೆ ಸರಿಯಾಗಿ ನಡೆಯಲಿಲ್ಲ. 1917ರಲ್ಲಿ ಶಾಂತಿನಿಕೇತನಕ್ಕೆ ಬಂದರು, ಎರಡು ವರ್ಷದ ಮೇಲೆ ಇಲ್ಲಿನ ಕಲಾಶಾಲೆಯಾದ ಕಲಾಭವನ ಸೇರಿದರು. ಇಂಥ ನೋಟದವನು ಚಿತ್ರ ಕಲಿತು ಏನು ಮಾಡಿಯಾನು ಎಂದು ಗುರು ನಂದಲಾಲ್ ಬೋಸರಿಗೇ ಅನುಮಾನವಿತ್ತಂತೆ. ಹುಡುಗ ತರಗತಿಗೆ ತಪ್ಪದೆ ಬರುತ್ತಾನೋ, ಮನಸ್ಸಿಟ್ಟು ಕೂರುತ್ತಾನೋ ಎಂದು ರವೀಂದ್ರರು ಕೇಳಿ, ಹಾಗಿದ್ದ ಮೇಲೆ ಅವನ ಭವಿಷ್ಯದ ಚಿಂತೆ ನಿಮಗೆ ಬೇಡ ಎಂದರಂತೆ. ಇವತ್ತಿನ ಯಾವ ಪ್ರವೇಶ ಸಮಿತಿಯಲ್ಲಿ ಈ ಮಾತು ನಡೆದೀತು?

ಗೋಡೆಯಲ್ಲಿ ಸೂರದಾಸನೂ ಇದ್ದಾನೆ. ಹುಟ್ಟು ಕುರುಡನೆಂದು ಲೋಕ ನಂಬಿದ ಹಾಡುಗಾರ. ಅವನನ್ನು ಬಿಡಿಸಿ ಹತ್ತು ವರ್ಷ ತುಂಬುವ ಹೊತ್ತಿಗೆ, ಪೊರೆಯ ಶಸ್ತ್ರಚಿಕಿತ್ಸೆ ಕೈಕೊಟ್ಟು, ಬಿನೋದ್‌ಬಾಬುವಿನ ಇದ್ದೊಂದು ಕಣ್ಣೂ ಹೋಯಿತು. ಗೊತ್ತಿದ್ದು ನೋಡುವ ನಮಗೆ ಈ ಭಾಗದಲ್ಲಿ ಮುನ್ಸೂಚನೆ ಕಾಣುತ್ತದೆ. ಆದರೆ ಬಿಡಿಸಿದ ಕೈಗೆ ಆ ದುಃಖ ಗೊತ್ತಿರಲಿಲ್ಲ. ಇತರ ಸಂತರಿಗೆ ಕೊಟ್ಟ ಗೌರವವನ್ನೇ ಅವನಿಗೂ ಕೊಟ್ಟಿದೆ, ಒಂದು ಹನಿ ಕನಿಕರ ಸೇರಿಸಿಲ್ಲ. ನೆನಪಿಡಬೇಕಾದ ಇನ್ನೊಂದು ಸಂಗತಿ ಕಾಲದ್ದು. 1946ರ ಆಗಸ್ಟಿನಲ್ಲಿ ಇಲ್ಲಿಂದ ರೈಲಿನಲ್ಲಿ ಕೆಲವೇ ಗಂಟೆ ದೂರದ ಕಲಕತ್ತೆಯ ಬೀದಿಗಳಲ್ಲಿ ಹಿಂದೂ–ಮುಸ್ಲಿಮರ ಹೆಣ ಬಿದ್ದಿದ್ದವು. ಅಂಥ ವರ್ಷದಲ್ಲಿ ಕಬೀರನನ್ನು ನಡುವಿಗೆ ತಂದು ಕೂರಿಸಿದ ಗೋಡೆ ಇದು. ಘೋಷಣೆ ಕೂಗುವುದಿಲ್ಲ ಎಂಬ ಕಾರಣಕ್ಕೆ ಇದನ್ನು ಸಾಧುಸ್ವಭಾವದ ಚಿತ್ರವೆಂದು ತಿಳಿಯುವವರುಂಟು. ನಾನು ಒಪ್ಪುವುದಿಲ್ಲ.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಖೊಯಾಯಿ ಕಡೆ ನಡೆದೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲವನ್ನು ಮಳೆನೀರು ನೂರಾರು ವರ್ಷ ಕೊರೆದರೆ ಹೇಗಿರುತ್ತದೋ ಹಾಗೆ ಕೆಂಪು ಕೊರಕಲು, ಕೆಂಪು ದಿಣ್ಣೆ. ನಡುನಡುವೆ ಒಂಟಿ ತಾಳೆ. ಈಗ ಸೋನಾಝುರಿ ಮರಗಳ ಕೆಳಗೆ ಕಾಂತಾ ಹೊಲಿಗೆಯ ಸೀರೆ, ಮಣಿಸರ, ಏಕತಾರಿ ಹಿಡಿದ ಬಾವುಲ್ ಗಾಯಕರು, ಅವರ ಜೊತೆ ಸೆಲ್ಫಿಗೆ ಸರದಿ. ವ್ಯಾಪಾರ ಭರ್ಜರಿ. ಬಿನೋದ್‌ಬಾಬು ಇಲ್ಲಿ ಅಲೆಯುತ್ತಿದ್ದಾಗ ಇದು ಬಟ್ಟಬಯಲು. ಅವರು ಈ ಬಯಲನ್ನು ಉದ್ದದ ಸುರುಳಿಗಳಲ್ಲಿ ಬಿಡಿಸಿದರು. ಏಕಾಂತ ಅವರಿಗೆ ಶಿಕ್ಷೆಯಾಗಿರಲಿಲ್ಲ, ಒಗ್ಗಿದ ಹವೆಯಾಗಿತ್ತು. ಪುರಾಣದ ದೃಶ್ಯಗಳನ್ನೂ ಇತಿಹಾಸದ ವೀರರನ್ನೂ ಬಿಡಿಸುವ ಉಮೇದು ಬಂಗಾಳದ ಕಲಾವಿದರಲ್ಲಿ ಜೋರಾಗಿದ್ದ ಕಾಲದಲ್ಲಿ ಇವರಿಗೆ ಸುತ್ತಮುತ್ತಲಿನ ಮರ, ಗುಡಿಸಲು, ದಾರಿಹೋಕ ಸಾಕಾಗಿದ್ದರು.

ಹಿಂದಿ ಭವನಕ್ಕಿಂತ ಮೊದಲೇ, 1940ರಲ್ಲಿ, ಅವರು ಕಲಾಭವನದ ವಿದ್ಯಾರ್ಥಿನಿಲಯದ ಚಾವಣಿಗೆ ಒಂದು ಚಿತ್ರ ಬಿಡಿಸಿದ್ದರು. ನಡುವೆ ಒಂದು ಕೊಳ. ಕೊಳದ ಸುತ್ತ ಬೀರಭೂಮ್ ಸೀಮೆಯ ಹಳ್ಳಿ: ಮರಗಳು, ಮನೆಗಳು, ದನಕರು, ಕೆಲಸಕ್ಕೆ ಹೊರಟ ಹೆಂಗಸರು. ದೇವಸಭೆ ಇರಬೇಕಾದ ಜಾಗದಲ್ಲಿ ಪಕ್ಕದ ಹಳ್ಳಿ! ಅದೇ ವರ್ಷ ಕಲಕತ್ತೆಯಿಂದ ಕಲಿಯಲು ಬಂದ ಸತ್ಯಜಿತ್ ರಾಯ್ ಎಂಬ ಹುಡುಗ ಆ ಚಾವಣಿಯನ್ನು ಕತ್ತೆತ್ತಿ ನೋಡಿದ. ಮೂರು ದಶಕ ಕಳೆದ ಮೇಲೆ, 1972ರಲ್ಲಿ, ಅದೇ ಹುಡುಗ ತನ್ನ ಗುರುವಿನ ಮೇಲೆ ‘ದಿ ಇನ್ನರ್ ಐ’ ಎಂಬ ಕಿರುಚಿತ್ರ ಮಾಡಿದ.

ಆ ಕಿರುಚಿತ್ರದಲ್ಲಿ ಕಾಣುವ ಬಿನೋದ್‌ಬಾಬು ಕಪ್ಪು ಕನ್ನಡಕದ ವೃದ್ಧರು. ಕಣ್ಣು ಪೂರ್ತಿ ಹೋದ ಮೇಲೆ ಅವರು ಶಾಂತಿನಿಕೇತನಕ್ಕೆ ಮರಳಿ ಕಲೆಯ ಇತಿಹಾಸ ಪಾಠ ಮಾಡತೊಡಗಿದರು. ಕಾಣದ ಚಿತ್ರಗಳ ಬಗ್ಗೆ ಕಾಣುವ ಹುಡುಗರಿಗೆ ಪಾಠ. ಕೈ ಸುಮ್ಮನಿರಲಿಲ್ಲ. ಕಾಗದ ಮಡಿಸಿದರು, ಕತ್ತರಿಸಿದರು, ಅಂಟಿಸಿದರು, ಮೇಣದಲ್ಲಿ ಗೊಂಬೆ ಮಾಡಿದರು, ಬರೆಸಿ ಪುಸ್ತಕ ಮಾಡಿದರು. ‘ಚಿತ್ರಕರ್’ ಎಂಬ ಅವರ ಆತ್ಮಕಥನ ಬಂಗಾಳಿ ಗದ್ಯದ ಒಳ್ಳೆಯ ಪುಸ್ತಕಗಳ ಸಾಲಿಗೆ ಸೇರಿತು. ಮಗಳು ಮೃಣಾಲಿನಿ ಸೆಣಬಿನ ಹಗ್ಗವನ್ನು ಗಂಟು ಹಾಕಿ ಹಾಕಿ ಆಳೆತ್ತರದ ಶಿಲ್ಪಗಳನ್ನು ಮಾಡಿದರು. ಮುಟ್ಟಿ ನೋಡುವ ಅಪ್ಪನ ಮನೆಯಲ್ಲಿ ಬೆಳೆದವರಿಗೆ ಆ ಹಾದಿ ಸಹಜವಾಗಿತ್ತೇನೋ ಅನ್ನುವುದು ನನ್ನ ಊಹೆ.

ಕಲಾಭವನದ ಅಂಗಳದಲ್ಲಿ ಅವರ ಕುರುಡುಗಾಲದ ದೊಡ್ಡ ಕೆಲಸವೂ ಇದೆ. 1972ರ ಸೆರಾಮಿಕ್ ಬಿಲ್ಲೆಗಳ ಗೋಡೆ. ಬೆರಳಿನಿಂದ ಅಳೆದು ಕಾಗದದಲ್ಲಿ ರೂಪಿಸಿಕೊಂಡ ಆಕೃತಿಗಳು ಬಿಲ್ಲೆಗಳಿಗೆ ಇಳಿದಿವೆ. ಆಗ ಕಲಾಭವನದ ಮುಖ್ಯಸ್ಥರಾಗಿದ್ದವರು ದಿನಕರ ಕೌಶಿಕ್, ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಸಂತರ ಗೋಡೆಯ ಮುಂದೆ ನಿಂತು ಬಂದವರಿಗೆ ಇದು ಬೇರೆಯೇ ಲೋಕ. ಅಲ್ಲಿನ ಹರಿವು ಇಲ್ಲಿಲ್ಲ. ಆಕೃತಿಗಳು ಬಿಡಿಬಿಡಿಯಾಗಿವೆ, ದಪ್ಪಗಿವೆ, ಹಬ್ಬದ ಮಕ್ಕಳಷ್ಟು ಗೆಲುವಾಗಿವೆ. ಸೂಕ್ಷ್ಮದಲ್ಲಿ ಮೊದಲಿನದಕ್ಕೆ ಇದು ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಕಳೆದುಕೊಂಡದ್ದರ ಗೋಳು ಹುಡುಕಿದರೂ ಸಿಗದು. ಇನ್ನು ಏನನ್ನು ಮಾಡಬಲ್ಲೆ ಎಂಬ ಲೆಕ್ಕ ಸ್ಪಷ್ಟವಾಗಿದ್ದ ಕೈ, ಆ ಲೆಕ್ಕದೊಳಗೇ ಆಟ ಹೂಡಿದೆ.

ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಚಿತ್ರ ಬರೆಯುತ್ತಿದ್ದ ಹುಡುಗಿಯೊಬ್ಬಳನ್ನು ಕೇಳಿದೆ, “ಹಿಂದಿ ಭವನದ್ದು ಚೆನ್ನೋ, ಇದು ಚೆನ್ನೋ?” ಪೆನ್ಸಿಲ್ ಎತ್ತದೆ ಅವಳೆಂದಳು: “ಅದನ್ನು ನೋಡಿದರೆ ಹೆದರಿಕೆ ಆಗತ್ತೆ ದಾದಾ. ಇದನ್ನು ನೋಡಿದರೆ ನನಗೂ ಬರಬಹುದು ಅನ್ನಿಸತ್ತೆ.”

ಹೋಗುವವರು ಬುಧವಾರ ಬಿಟ್ಟು ಹೋಗಿ. ಆಶ್ರಮದ ಪ್ರಾರ್ಥನೆಯ ದಿನವಾದ್ದರಿಂದ ವಿಶ್ವಭಾರತಿಗೆ ಅವತ್ತು ರಜೆ. ಹಿಂದಿ ಭವನ ಮ್ಯೂಸಿಯಂ ಅಲ್ಲ, ಪಾಠ ನಡೆಯುವ ಜಾಗ. ಮೊದಲೇ ಕೇಳಿಕೊಂಡು, ತರಗತಿ ಇಲ್ಲದ ಹೊತ್ತಿಗೆ ಹೋಗುವುದು ಒಳ್ಳೆಯದು. ಸಣ್ಣದೊಂದು ದುರ್ಬೀನು ಜೊತೆಗಿರಲಿ. ಟೋಟೊದವನ ಪಟ್ಟಿಯಲ್ಲಿರುವುದನ್ನೂ ಬಿಡಬೇಡಿ, ಆದರೆ ಬೆಳಗಿನ ಹೊಸ ಕಣ್ಣನ್ನು ಗೋಡೆಗೆ ಕೊಡಿ, ಸೀರೆ ಅಂಗಡಿಗಳು ಸಂಜೆಯವರೆಗೂ ತೆರೆದಿರುತ್ತವೆ.