ಗೆದ್ದ ಕಪ್ಪನ್ನು ಮತ್ತೆ ಗೆದ್ದವರು

ಸೆಮಿಫೈನಲ್ ಗೆದ್ದಿರಿ. ಫೈನಲ್ಲೂ ಗೆದ್ದಿರಿ. ಕಪ್ ಕೈಗೆ ಬಂತು. ಆಮೇಲೆ ಮೇಲಿನವರಿಂದ ಆದೇಶ ಬರುತ್ತೆ: ಆ ಸೆಮಿಫೈನಲ್ ಇದೆಯಲ್ಲ, ಅದನ್ನು ಇನ್ನೊಮ್ಮೆ ಆಡಿ!

ಜೋಕಲ್ಲ. 1939ರ ಸೆಪ್ಟೆಂಬರಿನಲ್ಲಿ ಸ್ಪಾರ್ಟಕ್ ಮಾಸ್ಕೋ ತಂಡಕ್ಕೆ ಆಗಿದ್ದೇ ಇದು. ಸೆಮಿಫೈನಲ್‌ನಲ್ಲಿ ಅವರ ಎದುರು 1–0ಯಿಂದ ಸೋತಿದ್ದು ಜಾರ್ಜಿಯಾದ ದಿನಾಮೋ ಟಿಬಿಲಿಸಿ. ಆ ತಂಡದ ದೊಡ್ಡ ಅಭಿಮಾನಿ ಲಾವ್ರೆಂತಿ ಬೇರಿಯಾ, ಸ್ಟಾಲಿನ್ನನ ರಹಸ್ಯ ಪೊಲೀಸ್ ಪಡೆಯ ಮುಖ್ಯಸ್ಥ. ಅದು ಗೋಲೇ ಅಲ್ಲ ಅಂತ ತಕರಾರು ಎದ್ದಿತು. ಮತ್ತೆ ಆಡಿಸಿದರು. ಸ್ಪಾರ್ಟಕ್ 3–2ರಿಂದ ಮತ್ತೆ ಗೆದ್ದಿತು. ಪುಣ್ಯಕ್ಕೆ ಫೈನಲ್ ಮಾತ್ರ ಎರಡನೇ ಸಲ ಆಡಿಸಲಿಲ್ಲ.

ನನಗೆ ರಷ್ಯಾದ ಲೀಗ್ ನೋಡುವ ಹುಚ್ಚೇನೂ ಇಲ್ಲ. ಆದರೆ ಈ ಒಂದು ಕಥೆ ಓದಿದ ಮೇಲೆ ಆ ಕೆಂಪು-ಬಿಳಿ ಜೆರ್ಸಿಯನ್ನು ಸುಮ್ಮನೆ ನೋಡೋಕೆ ಆಗಲ್ಲ.

ಸೋವಿಯತ್ ಕಾಲದಲ್ಲಿ ದೊಡ್ಡ ಕ್ಲಬ್ಬುಗಳಿಗೆಲ್ಲ ಒಬ್ಬೊಬ್ಬ ದೊಡ್ಡ ಯಜಮಾನ. ಸಿಎಸ್‌ಕೆಎ ಸೇನೆಯದ್ದು, ಲೊಕೊಮೊಟಿವ್ ರೈಲ್ವೆಯದ್ದು, ದಿನಾಮೋ ಪೊಲೀಸರದ್ದು. ನಿಕೊಲಾಯ್ ಸ್ಟಾರೋಸ್ತಿನ್ ಮತ್ತವನ ಮೂವರು ತಮ್ಮಂದಿರು ಆಡಿ ಬೆಳೆಸಿದ ಕ್ಲಬ್ಬಿನ ಹಿಂದೆ ಇದ್ದದ್ದು ಸಹಕಾರ ಸಂಘಗಳು. 1922ರಲ್ಲಿ ಬೇರೆ ಹೆಸರಲ್ಲಿ ಶುರುವಾದ ಅದಕ್ಕೆ 1935ರಲ್ಲಿ ಬಂಡಾಯಗಾರ ಗುಲಾಮನ ಹೆಸರಿಟ್ಟರು. ಜನ ಅದನ್ನು 'ಜನರ ತಂಡ' ಅಂದರು. ಪೊಲೀಸರಿಗೆ ಬೈಯೋಕೆ ಆಗದ ಊರಲ್ಲಿ ಪೊಲೀಸರ ಟೀಮಿಗಾದರೂ ಬೈಯಬಹುದಿತ್ತಲ್ಲ!

ಹಾಗಂತ ಇದು ಏನೂ ಅರಿಯದ ಬಡಪಾಯಿ ತಂಡ ಅಂದುಕೊಳ್ಳಬೇಡಿ. ಕಮ್ಯುನಿಸ್ಟ್ ಯುವಸಂಘಟನೆಯ ನಾಯಕ ಕೊಸರೆವ್‌ನ ಬೆಂಬಲ ಇವರಿಗಿತ್ತು. 1936ರಲ್ಲಿ ರೆಡ್ ಸ್ಕ್ವೇರಿನಲ್ಲಿ ಜಮಖಾನ ಹಾಸಿ, ಸ್ಟಾಲಿನ್ ಎದುರಿಗೇ ಪ್ರದರ್ಶನ ಪಂದ್ಯ ಆಡಿದ್ದರು. ಆಮೇಲೆ ಕೊಸರೆವ್‌ನನ್ನೇ ಗುಂಡಿಟ್ಟು ಕೊಂದರು.

1942ರಲ್ಲಿ ನಿಕೊಲಾಯ್ ಬಂಧನ. ತಮ್ಮಂದಿರೂ ಒಳಗೆ. ಸ್ಟಾಲಿನ್ನನ ಹತ್ಯೆಗೆ ಸಂಚು ಅಂತ ಶುರುವಾದ ಆರೋಪ, ಬಂಡವಾಳಶಾಹಿ ಕ್ರೀಡೆಯನ್ನು ಹೊಗಳಿದ ಅನ್ನುವಲ್ಲಿಗೆ ಬಂದು ನಿಂತಿತು. ಹತ್ತು ವರ್ಷ ಶಿಬಿರವಾಸ. ತಮಾಷೆ ಅಂದ್ರೆ, ಶಿಬಿರದ ಅಧಿಕಾರಿಗಳಿಗೆ ತಮ್ಮ ಟೀಮಿಗೆ ಕೋಚ್ ಬೇಕಿತ್ತು! ಕೈದಿಗಳ ಜೀವ ಕೈಯಲ್ಲಿಟ್ಟುಕೊಂಡವರು ಈ ಕೈದಿಯ ಫುಟ್‌ಬಾಲ್ ಮಾತಿಗೆ ಬಾಯಿಬಿಟ್ಟು ಕೂರುತ್ತಿದ್ದರಂತೆ. 1948ರಲ್ಲಿ ಸ್ಟಾಲಿನ್ನನ ಮಗ ವಾಸಿಲಿ ತನ್ನ ವಾಯುಪಡೆ ತಂಡಕ್ಕಾಗಿ ಅವನನ್ನು ಮಾಸ್ಕೋಗೆ ಕರೆಸಿಕೊಂಡ. ಬೇರಿಯಾನ ಜನ ಎತ್ತಿಕೊಂಡು ಹೋಗದ ಹಾಗೆ ತನ್ನ ಮನೆಯಲ್ಲೇ, ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡ, ದಿಂಬಿನಡಿ ರಿವಾಲ್ವರ್ ಇಟ್ಟುಕೊಂಡು. ಸ್ಟಾರೋಸ್ತಿನ್ ಒಂದು ರಾತ್ರಿ ಹೆಂಡತಿ ಮಕ್ಕಳನ್ನು ನೋಡೋಕೆ ಕಿಟಕಿ ಹಾರಿ ಹೋದ. ಬೆಳಗಾಗೋದರಲ್ಲಿ ಸಿಕ್ಕಿಬಿದ್ದ.

ಸ್ಟಾಲಿನ್ ಸತ್ತ ವರ್ಷವೇ ಬೇರಿಯಾನಿಗೂ ಮರಣದಂಡನೆಯಾಯಿತು. ಸ್ಟಾರೋಸ್ತಿನ್ 1955ರಲ್ಲಿ ಸ್ಪಾರ್ಟಕ್ ಚುಕ್ಕಾಣಿ ಹಿಡಿದು ದಶಕಗಳ ಕಾಲ ನಡೆಸಿದ. ತೀರಿಕೊಂಡದ್ದು 1996ರಲ್ಲಿ.

'ಜನರ ತಂಡ' ಅಂತ ಹೇಳ್ತಾ ಬಂದೆ. ಆ ಜನರ ವಿಷಯಕ್ಕೆ ಬಂದರೆ, 1982ರ ಅಕ್ಟೋಬರ್ 20, ಲುಜ್ನಿಕಿ ಕ್ರೀಡಾಂಗಣ, ನೆದರ್ಲೆಂಡ್ಸಿನ ಹಾರ್ಲೆಮ್ ವಿರುದ್ಧ ಪಂದ್ಯ. ಹಿಮ ಬಿದ್ದು ಜಾರುತ್ತಿದ್ದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ, ಅಧಿಕೃತ ಲೆಕ್ಕದಂತೆ 66 ಅಭಿಮಾನಿಗಳು ಸತ್ತರು. ಹೆಚ್ಚಿನವರು ಹದಿಹರೆಯದವರು. ಮರುದಿನ ಮಾಸ್ಕೋದ ಸಂಜೆ ಪತ್ರಿಕೆಯಲ್ಲಿ ಬಂದಿದ್ದು ನಾಲ್ಕಾರು ಸಾಲು, ಎಷ್ಟು ಮಂದಿ ಅಂತ ಇಲ್ಲ. ದೇಶ ಇದನ್ನು ಬಹಿರಂಗವಾಗಿ ಮಾತಾಡಿದ್ದು 1989ರಲ್ಲಿ. ಕ್ರೀಡಾಂಗಣದ ಬಳಿ ಸ್ಮಾರಕ ಎದ್ದಿದ್ದು 1992ರಲ್ಲಿ, ಸೋವಿಯತ್ ಒಕ್ಕೂಟವೇ ಇಲ್ಲದ ಮೇಲೆ.